ಸೂಳೆಕೆರೆಯ ಒಂಟಿ ಗಲ್: ಎಳೆ ಗಲ್‌ಗಳನ್ನು ಗುರುತಿಸುವುದು ಹೇಗೆ

ಜನವರಿಯ ಒಂದು ಬೆಳಗ್ಗೆ ಸೂಳೆಕೆರೆ ಏರಿಯ ಮೇಲೆ ನಿಂತಿದ್ದೆ. ದೂರದಲ್ಲಿ ನದಿ ರೀವಗಳು ಮೀನಿಗೆ ಧುಮುಕುತ್ತಿದ್ದವು. ಅವುಗಳ ಕೆಳಗೆ ನೀರಿನ ಮೇಲೆ ಒಂದೇ ಒಂದು ಹಕ್ಕಿ ಬಾತುಕೋಳಿಯ ಹಾಗೆ ತೇಲುತ್ತಿತ್ತು. ಬೆನ್ನು ಬೂದು, ಹೊಟ್ಟೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ, ರೆಕ್ಕೆಯ ಮೇಲೆ ಅಲ್ಲಲ್ಲಿ ಕಂದು.

ತೆಪ್ಪವನ್ನು ದಡಕ್ಕೆ ಎಳೆಯುತ್ತಿದ್ದ ಹಿರಿಯರೊಬ್ಬರು ಕೇಳಿದರು: "ಏನ್ ಸರ್, ಆಗ್ಲಿಂದ ಅದೊಂದೇ ಹಕ್ಕಿ ನೋಡ್ತಿದ್ದೀರಲ್ಲ?"

"ಅದು ಸೀಗಲ್ ಯಜಮಾನ್ರೇ. ಸಮುದ್ರದ ಕಡೆ ಜಾಸ್ತಿ ಇರುತ್ತೆ."

"ಹಂಗಾರೆ ದಾರಿ ತಪ್ಪೈತೆ ಬಿಡ್ರಿ," ಅಂತ ನಕ್ಕು ಬಲೆ ಬಿಡಿಸಲು ಕೂತರು.

ಹಕ್ಕಿಯೇನೂ ದಾರಿ ತಪ್ಪಿರಲಿಲ್ಲ. ಗಲ್‌ಗಳು ಚಳಿಗಾಲದಲ್ಲಿ ಒಳನಾಡಿನ ದೊಡ್ಡ ಕೆರೆ, ಜಲಾಶಯಗಳಿಗೂ ಬರುತ್ತವೆ. ತಪ್ಪಿದ್ದು ನನ್ನ ಲೆಕ್ಕ. ಕಣ್ಣು ಕಪ್ಪಗಿತ್ತು ಅನ್ನುವ ಒಂದೇ ಕಾರಣಕ್ಕೆ ಅದನ್ನು ಬ್ಲ್ಯಾಕ್-ಹೆಡೆಡ್ ಗಲ್ ಅಂತ ಬರೆದುಕೊಂಡೆ. ಎರಡು ವಾರದ ನಂತರ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಅದು ಬ್ರೌನ್-ಹೆಡೆಡ್ ಗಲ್. ಹಿಂದಿನ ಬೇಸಿಗೆಯಲ್ಲಷ್ಟೇ ಹುಟ್ಟಿದ ಮರಿ.

ದಾವಣಗೆರೆ, ಚಿತ್ರದುರ್ಗದಲ್ಲಿ ಹಕ್ಕಿ ನೋಡುವವರಿಗೆ ಗಲ್ ಅಪರೂಪ. ಸಿಕ್ಕರೆ ಒಂದೋ ಎರಡೋ. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಗಲ್ ಇರುವುದಿಲ್ಲ. ಎಳೆಯದಾಗಿದ್ದರೆ ತಲೆನೋವು ಇನ್ನೂ ಜಾಸ್ತಿ. ಹಾಗಾಗಿ ಮಲ್ಪೆ, ಕಾರವಾರದಲ್ಲಿ ನೂರಾರು ಗಲ್ ನೋಡುವವರ ವಿಧಾನ ನಮಗೆ ಹಾಗೇ ಒಗ್ಗುವುದಿಲ್ಲ. ಒಂಟಿ ಹಕ್ಕಿಯನ್ನು ನೋಡಲು ನಾನು ಕಲಿತ ಕ್ರಮ ಹೀಗಿದೆ.

ಮೊದಲು: ಅದು ಗಲ್ ಹೌದಾ?

ಇದನ್ನು ಬೇಗ ಮುಗಿಸೋಣ. ನಮ್ಮ ಕೆರೆಗಳ ಮೇಲೆ ಹಾರುವ ಬಿಳಿ-ಬೂದು ಹಕ್ಕಿಗಳಲ್ಲಿ ಬಹುಪಾಲು ರೀವಗಳು, ಅಂದರೆ ಟರ್ನ್‌ಗಳು. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ನದಿ ರೀವ, ಚಳಿಗಾಲದ ಕೆರೆಗಳಲ್ಲಿ ಮೀಸೆ ರೀವ. ರೀವದ ಕೊಕ್ಕು ದಬ್ಬಳದ ಹಾಗೆ ಚೂಪು. ರೆಕ್ಕೆ ಸಪೂರ, ಬಾಲ ಸ್ವಲ್ಪವಾದರೂ ಕವಲೊಡೆದಿರುತ್ತದೆ. ಹಾರುವಾಗ ತಲೆ ಕೆಳಗೆ ಹಾಕಿ ನೀರನ್ನೇ ನೋಡುತ್ತದೆ. ಗಲ್‌ನ ರೆಕ್ಕೆ ಅಗಲ, ಮೈ ದಪ್ಪ. ಬಾಲ ಬೀಸಣಿಗೆಯ ಹಾಗೆ ದುಂಡಗೆ ಬಿಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಸ್ವಲ್ಪ ಕೆಳಗೆ ಬಾಗಿರುತ್ತದೆ.

ಎಲ್ಲಕ್ಕಿಂತ ಸುಲಭದ ಗುರುತು: ಗಲ್ ಆರಾಮಾಗಿ ನೀರಿನ ಮೇಲೆ ಕೂತು ತೇಲುತ್ತದೆ. ರೀವ ಹಾಗೆ ಕೂರುವುದು ತೀರಾ ಕಡಿಮೆ. ಅದಕ್ಕೆ ಕಲ್ಲೋ, ಗೂಟವೋ, ಮರಳ ದಿಬ್ಬವೋ ಬೇಕು.

ಗಾತ್ರ: ಕಾಗೆಯೋ, ಹದ್ದೋ?

ಒಂಟಿ ಹಕ್ಕಿಯ ಗಾತ್ರ ಅಳೆಯಲು ಸುತ್ತ ಇರುವ ಪರಿಚಯದ ಹಕ್ಕಿಗಳನ್ನೇ ಬಳಸಬೇಕು. ಬ್ರೌನ್-ಹೆಡೆಡ್ ಗಲ್ ಸುಮಾರು 42 ಸೆಂ.ಮೀ. ಉದ್ದ. ನಮ್ಮ ಊರ ಕಾಗೆಯೂ ಹೆಚ್ಚುಕಡಿಮೆ ಅಷ್ಟೇ. ಬ್ಲ್ಯಾಕ್-ಹೆಡೆಡ್ ಇದಕ್ಕಿಂತ ಚೂರು ಚಿಕ್ಕದು. ನದಿ ರೀವವೂ ಅಳತೆಯಲ್ಲಿ ಇಷ್ಟೇ ಬರುತ್ತದೆ. ಆದರೆ ಅದರ ಉದ್ದದಲ್ಲಿ ದೊಡ್ಡ ಪಾಲು ಬಾಲದ್ದು. ಎರಡೂ ಪಕ್ಕಪಕ್ಕ ಕೂತರೆ ಗಲ್ ಕುಸ್ತಿ ಪಟುವಿನ ಹಾಗೆ ಕಾಣುತ್ತದೆ.

ದೊಡ್ಡ ಗಲ್‌ಗಳದ್ದು ಬೇರೆಯೇ ಲೋಕ. ಪಲ್ಲಾಸ್ ಗಲ್ 60ರಿಂದ 72 ಸೆಂ.ಮೀ. ಇರುತ್ತದೆ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ದಾಟುತ್ತದೆ. ಪೇಟೆಯ ಮೇಲೆ ಸುತ್ತುವ ಕರಿ ಹದ್ದಿನ ಅಳತೆ ಅದು. ಹೂಗ್ಲಿನ್ಸ್ ಗಲ್ ಅದಕ್ಕಿಂತ ಸ್ವಲ್ಪ ಸಣ್ಣದಾದರೂ ಕಾಗೆಯ ಗಾತ್ರಕ್ಕಂತೂ ಇಳಿಯುವುದಿಲ್ಲ.

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ಕರಗಿತು. ಬೈನಾಕ್ಯುಲರ್‌ನಲ್ಲಿ ಹಕ್ಕಿ ಒಂದೇ ಇದ್ದಾಗ ಗಾತ್ರ ಊಹಿಸಬೇಡಿ. ಒಂದು ಬೆಳ್ಳಕ್ಕಿಯೋ, ನೀರುಕಾಗೆಯೋ, ರೀವವೋ ಅದರ ಹತ್ತಿರ ಬರುವ ತನಕ ಕಾಯಿರಿ. ಆ ಕ್ಷಣದ ಫೋಟೊ ಒಂದು ತೆಗೆದಿಟ್ಟುಕೊಳ್ಳಿ, ಮಸುಕಾಗಿದ್ದರೂ ಪರವಾಗಿಲ್ಲ.

ಹೆಸರಿಗಿಂತ ಮೊದಲು ವಯಸ್ಸು

ನಾನು ಎಡವಿದ್ದು ಇಲ್ಲೇ. ಪುಸ್ತಕದಲ್ಲಿರುವ ಗುರುತುಗಳು ಹೆಚ್ಚಾಗಿ ಬೆಳೆದ ಹಕ್ಕಿಯವು. ಬೆಳೆದ ಬ್ರೌನ್-ಹೆಡೆಡ್ ಗಲ್‌ನ ಕಣ್ಣು ತಿಳಿ ಹಳದಿ. ಬ್ಲ್ಯಾಕ್-ಹೆಡೆಡ್‌ನದು ಕಡು. ಈ ನಿಯಮ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆದರೆ ಎಳೆಯದರಲ್ಲಿ ಎರಡರ ಕಣ್ಣೂ ಕಡುವೇ! ಬ್ರೌನ್-ಹೆಡೆಡ್‌ನ ಕಣ್ಣು ತಿಳಿಯಾಗುವುದು ಆಮೇಲೆ. ವಯಸ್ಸು ತಿಳಿಯದೆ ಗುರುತು ಹುಡುಕಿದರೆ ಹೀಗೇ ಆಗುತ್ತದೆ.

ಎಳೆ ಗಲ್‌ನ ಮೈ ಅರ್ಥ ಆಗಬೇಕಾದರೆ ಯುಗಾದಿಗೆ ಹೊಸ ಅಂಗಿ ಹಾಕಿಕೊಂಡು, ಕೆಳಗೆ ಹೋದ ವರ್ಷದ ಪ್ಯಾಂಟನ್ನೇ ಏರಿಸಿಕೊಂಡ ಹುಡುಗನನ್ನು ನೆನೆಸಿಕೊಳ್ಳಿ. ಗೂಡು ಬಿಟ್ಟಾಗ ಅದರ ಮೈಯೆಲ್ಲ ಕಂದು ಗರಿ. ವಲಸೆಯ ಹೊತ್ತಿಗೆ ತಲೆ, ಮೈ, ಬೆನ್ನು, ಹೆಗಲಿನ ಗರಿ ಉದುರಿ ಹೊಸದು ಬರುತ್ತದೆ. ರೆಕ್ಕೆ ಮತ್ತು ಬಾಲದ ಗರಿ ಮಾತ್ರ ಹಳೆಯವೇ ಉಳಿಯುತ್ತವೆ. ಈ ಅರ್ಧ ಹೊಸ, ಅರ್ಧ ಹಳೆ ವೇಷಕ್ಕೆ ಹಕ್ಕಿ ನೋಡುವವರು ಫಸ್ಟ್ ವಿಂಟರ್ ಅನ್ನುತ್ತಾರೆ. ನಮ್ಮ ಕೆರೆಗಳಿಗೆ ಬರುವ ಎಳೆ ಗಲ್‌ಗಳು ಬಹುಮಟ್ಟಿಗೆ ಈ ವೇಷದವು.

ಸಣ್ಣ ಗಲ್‌ನಲ್ಲಿ ಇದನ್ನು ಹಿಡಿಯುವುದು ಸುಲಭ. ಬೆನ್ನು ಬೂದು, ಆದರೆ ಮಡಚಿದ ರೆಕ್ಕೆಯ ಮೇಲೆ ಅಡ್ಡಕ್ಕೆ ಕಂದು ಪಟ್ಟಿ. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ. ಕೊಕ್ಕು, ಕಾಲು ಮಾಸಿದ ಕಿತ್ತಳೆ, ಕೊಕ್ಕಿನ ತುದಿ ಕಪ್ಪು. ಬಾಲದಲ್ಲಿ ಪಟ್ಟಿ ಇದ್ದರೆ ಇನ್ನೇನೂ ಯೋಚಿಸಬೇಡಿ, ಅದು ಎಳೆಯದು. ಎರಡನೇ ಚಳಿಗಾಲಕ್ಕೆ ಇವು ದೊಡ್ಡವರ ಹಾಗೇ ಕಾಣುತ್ತವೆ.

ಹೂಗ್ಲಿನ್ಸ್‌ನಂಥ ದೊಡ್ಡ ಗಲ್‌ಗಳಿಗೆ ಬೆಳೆಯಲು ಸುಮಾರು ನಾಲ್ಕು ವರ್ಷ ಬೇಕು. ಮೊದಲ ವರ್ಷ ಮೈಯೆಲ್ಲ ಕಂದು ಚುಕ್ಕೆ, ಕೊಕ್ಕು ಕಪ್ಪು. ಎರಡನೇ ವರ್ಷ ಬೆನ್ನಿನಲ್ಲಿ ಬೂದು ಇಣುಕುತ್ತದೆ, ಕೊಕ್ಕಿನ ಬುಡ ತಿಳಿಯಾಗುತ್ತದೆ. ಮೂರನೇ ವರ್ಷ ದೊಡ್ಡವರ ಹಾಗೇ, ಬಾಲದಲ್ಲೋ ರೆಕ್ಕೆಯಲ್ಲೋ ಸ್ವಲ್ಪ ಕಲೆ ಉಳಿದಿರುತ್ತದೆ. ಇನ್ನೊಂದು ಗುಟ್ಟು: ಮರಿಯ ಮೊದಲ ರೆಕ್ಕೆಗರಿಗಳ ತುದಿ ಚೂಪು, ಆಮೇಲೆ ಬರುವವು ದುಂಡಗೆ. ಒಳ್ಳೆಯ ಫೋಟೊ ಇದ್ದರೆ ಇದೊಂದೇ ಮೊದಲ ವರ್ಷ, ಎರಡನೇ ವರ್ಷವನ್ನು ಬೇರೆ ಮಾಡಿಕೊಡುತ್ತದೆ.

ಸಣ್ಣ ಗಲ್: ರೆಕ್ಕೆ ಬಿಚ್ಚುವ ತನಕ ಕಾಯಿರಿ

ಕೂತ ಎಳೆ ಬ್ರೌನ್-ಹೆಡೆಡ್, ಕೂತ ಎಳೆ ಬ್ಲ್ಯಾಕ್-ಹೆಡೆಡ್ ಎರಡನ್ನೂ ಬೇರೆ ಮಾಡಬಹುದು. ಬ್ರೌನ್-ಹೆಡೆಡ್ ಸ್ವಲ್ಪ ದಪ್ಪ, ಕೊಕ್ಕೂ ದಪ್ಪ. ಆದರೆ ಇನ್ನೊಂದು ಪಕ್ಕದಲ್ಲಿ ಇಲ್ಲದಿದ್ದಾಗ ಈ "ಸ್ವಲ್ಪ"ವನ್ನು ನಂಬಿ ಹೆಸರಿಡುವ ಧೈರ್ಯ ನನಗಿಲ್ಲ. ಬಿಚ್ಚಿದ ರೆಕ್ಕೆ ಬೇಕೇ ಬೇಕು.

ಮೊದಲು ರೆಕ್ಕೆಯ ಭಾಗಗಳನ್ನು ತಿಳಿದುಕೊಳ್ಳಿ. ತುದಿಯಲ್ಲಿ ಕೈಬೆರಳಿನ ಹಾಗೆ ಹರಡುವ ಹತ್ತು ಉದ್ದ ಗರಿಗಳನ್ನು ಹೊರಗರಿ ಅನ್ನೋಣ. ಮೈಗೆ ಹತ್ತಿರ, ಹಿಂದಿನ ಅಂಚಿನಲ್ಲಿ ಸಾಲಾಗಿರುವವು ಒಳಗರಿ. ಇವುಗಳ ಬುಡದ ಮೇಲೆ ಹಂಚು ಹೊದಿಸಿದ ಹಾಗೆ ಇರುವ ಚಿಕ್ಕವು ಹೊದಿಕೆ ಗರಿ.

ಸೂಳೆಕೆರೆಯ ಹಕ್ಕಿ ಸುಮಾರು ನಲವತ್ತು ನಿಮಿಷ ತೇಲಿತು. ಆಮೇಲೆ ಹಾರಿ ಬಂದು ತೂಬಿನ ಹತ್ತಿರದ ಕಲ್ಲಿನ ಮೇಲೆ ಕೂತು ಗರಿ ತೀಡಿಕೊಳ್ಳಲು ಶುರು ಮಾಡಿತು. ಗರಿ ತೀಡಿ ಮುಗಿದ ಮೇಲೆ ಗಲ್‌ಗಳು ಮೈಮುರಿಯುತ್ತವೆ. ಒಂದು ಕಾಲು ಹಿಂದಕ್ಕೆ ಚಾಚಿ, ಅದೇ ಕಡೆಯ ರೆಕ್ಕೆಯನ್ನು ಪೂರ್ತಿ ಬಿಚ್ಚಿ, ಒಂದೆರಡು ಸೆಕೆಂಡು ಹಾಗೇ ಹಿಡಿಯುತ್ತವೆ. ನನಗೆ ಸಿಕ್ಕಿದ್ದು ನಾಲ್ಕು ಫ್ರೇಮು. ನಿರ್ಧಾರ ಮಾಡಿದ್ದೂ ಆ ನಾಲ್ಕೇ.

ಮೂರನೇ ಫ್ರೇಮಿನಲ್ಲಿ ಕಂಡಿದ್ದು ಹೀಗೆ. ರೆಕ್ಕೆಯ ತುದಿ ಅಗಲವಾಗಿ ಕಪ್ಪು, ಮಸಿಯಲ್ಲಿ ಅದ್ದಿದ ಹಾಗೆ. ಬೆಳೆದ ಹಕ್ಕಿಯಲ್ಲಿ ಆ ಕಪ್ಪಿನೊಳಗೆ ಕನ್ನಡಿ ಚೂರಿನಂಥ ಬಿಳಿ ಚುಕ್ಕೆ ಇರುತ್ತದೆ, ಇಲ್ಲಿ ಇರಲಿಲ್ಲ. ಕಪ್ಪಿನ ಒಳಬದಿಗೆ, ಹೊರಗರಿಗಳ ಬುಡದ ಹತ್ತಿರ, ಒಂದು ಬಿಳಿ ತೇಪೆ. ಹೊದಿಕೆ ಗರಿಗಳ ಮೇಲೆ ಓರೆಯಾಗಿ ಕಂದು ಪಟ್ಟಿ. ಒಳಗರಿಗಳ ಹಿಂದಿನ ಅಂಚಿನಲ್ಲಿ ಕಪ್ಪು ಗೆರೆ. ಇದು ಬ್ರೌನ್-ಹೆಡೆಡ್.

ಬ್ಲ್ಯಾಕ್-ಹೆಡೆಡ್ ಆಗಿದ್ದರೆ ಬಿಳಿ ಇರುವ ಜಾಗವೇ ಬೇರೆ. ಅದರಲ್ಲಿ ಬಿಳಿ ರೆಕ್ಕೆಯ ಮುಂದಿನ ಅಂಚಿಗುಂಟ ತುದಿಯ ಕಡೆಗೆ ಉದ್ದಕ್ಕೆ ಓಡುತ್ತದೆ. ಎಳೆಯದರಲ್ಲಿ ಆ ಬಿಳಿಗೆ ಕಪ್ಪು ಗೆರೆಗಳು ಅಂಟಿಕೊಂಡಿರುತ್ತವೆ, ಆದರೂ ಹಾರುವಾಗ ಬಿಳಿ ಫಳ್ಳನೆ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಇನ್ನೂ ಸ್ಪಷ್ಟ. ಬ್ಲ್ಯಾಕ್-ಹೆಡೆಡ್‌ನ ಹೊರಗರಿಗಳಲ್ಲಿ ಮಧ್ಯದವು ಮಸಿ ಬಣ್ಣ, ತೀರಾ ಮುಂದಿನವು ಬಿಳಿ. ಬ್ರೌನ್-ಹೆಡೆಡ್‌ನಲ್ಲಿ ತುದಿಯೆಲ್ಲ ಕಡುವೇ. ನಾನು ಮನಸ್ಸಿನಲ್ಲಿ ಹೀಗೆ ಕೇಳಿಕೊಳ್ಳುತ್ತೇನೆ: ಮುಂದಿನ ಅಂಚು ಬಿಳಿಯೋ, ಕಪ್ಪೋ? ಬಿಳಿಯಾದರೆ ಬ್ಲ್ಯಾಕ್-ಹೆಡೆಡ್. ಹೆಸರಿನಲ್ಲಿ ಬ್ಲ್ಯಾಕ್, ರೆಕ್ಕೆಯಲ್ಲಿ ಬಿಳಿ. ಈ ಉಲ್ಟಾ ಇರುವುದರಿಂದಲೇ ಅದು ಮರೆಯುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ತಲೆಯ ಬಣ್ಣವನ್ನು ಚಳಿಗಾಲದಲ್ಲಿ ಮರೆತುಬಿಡಿ. ತಲೆ ಮುಚ್ಚುವ ಕಂದು ಮುಸುಕು ಬೆಳೆದ ಬ್ರೌನ್-ಹೆಡೆಡ್‌ಗಳಿಗೆ ಬರುವುದು ಮಾರ್ಚ್ ಸುಮಾರಿಗೆ, ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ ಮರಿ ಮಾಡಲು ಹೊರಡುವ ಮುಂಚೆ. ಜನವರಿಯಲ್ಲಿ ಎಲ್ಲರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಚುಕ್ಕೆ ಅಷ್ಟೇ.

ಸ್ಲೆಂಡರ್-ಬಿಲ್ಡ್ ಗಲ್ ಅಂತ ಇನ್ನೊಂದಿದೆ. ಗುಜರಾತಿನ ಕರಾವಳಿಯಲ್ಲಿ ಅದರ ದರ್ಬಾರು. ಉದ್ದ ಕೊಕ್ಕು, ಇಳಿಜಾರು ಹಣೆ, ಉದ್ದ ಕತ್ತು, ಕಿವಿಯ ಚುಕ್ಕೆ ಮಾಸಲು. ನಮ್ಮ ಕೆರೆಗಳಲ್ಲಿ ಅದನ್ನು ನೋಡಿದೆ ಅಂತ ಅನ್ನಿಸಿದರೆ ಮೊದಲು ನಿಮ್ಮನ್ನೇ ಅನುಮಾನಿಸಿ.

ದೊಡ್ಡ ಗಲ್: ಬೂದು ಬೆನ್ನಿನ ಮೋಸ

ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, ದೊಡ್ಡ ಗಲ್ ಹುಡುಕಲು ನನಗೆ ಇಷ್ಟದ ಜಾಗ. ವೇದಾವತಿಗೆ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. ನೀರು ಇಳಿದಾಗ ಹಿನ್ನೀರಿನಲ್ಲಿ ಏಳುವ ಮಣ್ಣಿನ ದಿಬ್ಬಗಳ ಮೇಲೆ ಹಕ್ಕಿಗಳು ಕೂರುತ್ತವೆ. 2022ರಲ್ಲಿ, 1933ರ ನಂತರ ಮೊದಲ ಸಲ, ಜಲಾಶಯ ಕೋಡಿ ಬಿತ್ತು. ಊರಿಗೆಲ್ಲ ಹಬ್ಬ. ನನಗೂ ಖುಷಿಯೇ, ಆದರೆ ನಾನು ಲೆಕ್ಕ ಇಟ್ಟುಕೊಂಡಿದ್ದ ದಿಬ್ಬಗಳೆಲ್ಲ ನೀರಿನಡಿ. ನೀರು ತುಂಬಿದ ವರ್ಷ ಹಕ್ಕಿಗಳು ಚದುರುತ್ತವೆ, ಟೆಲಿಸ್ಕೋಪ್ ಇಲ್ಲದೆ ಕೆಲಸ ಆಗುವುದಿಲ್ಲ.

ಒಳನಾಡಿನ ಜಲಾಶಯದಲ್ಲಿ ದೊಡ್ಡ ಎಳೆ ಗಲ್ ಕಂಡರೆ ಮೊದಲು ಕೇಳಬೇಕಾದ್ದು: ಪಲ್ಲಾಸ್ ಗಲ್ ಹೌದಾ? ಪಲ್ಲಾಸ್ ಬೇಗ ಬಣ್ಣ ಬದಲಿಸುವ ಹಕ್ಕಿ. ಮೊದಲ ಚಳಿಗಾಲಕ್ಕೇ ಬೆನ್ನು ತಿಳಿ ಬೂದು ಆಗಿಬಿಡುತ್ತದೆ. ಹೂಗ್ಲಿನ್ಸ್ ಆ ವಯಸ್ಸಿನಲ್ಲಿ ಇನ್ನೂ ಕಂದು ಕಂಬಳಿ ಹೊದ್ದುಕೊಂಡಿರುತ್ತದೆ.

ಮೋಸ ಇರುವುದು ಎರಡನೇ ವರ್ಷದ ಹೂಗ್ಲಿನ್ಸ್‌ನಲ್ಲಿ. ಅದರ ಬೆನ್ನೂ ಬೂದು, ರೆಕ್ಕೆಯೂ ಕಂದು. ದೂರದಿಂದ ಮೊದಲ ವರ್ಷದ ಪಲ್ಲಾಸ್ ಅನ್ನಿಸಿಬಿಡುತ್ತದೆ. ಆಗ ಈ ಕ್ರಮದಲ್ಲಿ ನೋಡಿ.

ಬಾಲ. ಪಲ್ಲಾಸ್‌ನ ಬಾಲ ಅಚ್ಚ ಬಿಳಿ, ತುದಿಯಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ಕಪ್ಪು ಪಟ್ಟಿ. ಹೂಗ್ಲಿನ್ಸ್‌ನ ಪಟ್ಟಿಯ ಅಂಚು ಒಡೆದುಹೋಗಿರುತ್ತದೆ, ಚುಕ್ಕೆಗಳು ಮೇಲಕ್ಕೆ ಚೆಲ್ಲಿರುತ್ತವೆ. ಹಕ್ಕಿ ನೀರಿನಿಂದ ಏಳುವಾಗ ಬಾಲ ಬಿಚ್ಚುತ್ತದೆ, ಅದೇ ನಿಮ್ಮ ಕ್ಷಣ.

ಮುಖ. ಪಲ್ಲಾಸ್‌ನ ಹಣೆ ಉದ್ದಕ್ಕೆ ಇಳಿಜಾರಾಗಿ ಕೊಕ್ಕಿಗೆ ಸೇರುತ್ತದೆ. ಕಣ್ಣಿನ ಸುತ್ತ ಕಾಡಿಗೆ ಚೆಲ್ಲಿದ ಹಾಗೆ ಕಪ್ಪು, ಅದರಲ್ಲಿ ಕಣ್ಣಿನ ಮೇಲೆ ಕೆಳಗೆ ಎರಡು ಬಿಳಿ ಅರ್ಧಚಂದ್ರ. ಈ ಅರ್ಧಚಂದ್ರಗಳು ತುಂಬ ದೂರದಿಂದಲೂ ಕಾಣುತ್ತವೆ. ಕೊಕ್ಕು ಉದ್ದ, ಬುಡ ತಿಳಿ, ತುದಿ ಕಡು. ಹಿಂಗತ್ತಿನಲ್ಲಿ ಶಾಲು ಹೊದ್ದ ಹಾಗೆ ಕಂದು ಗೆರೆಗಳು.

ಬೆನ್ನಿನ ಬೂದು. ಪಲ್ಲಾಸ್‌ನದು ತಿಳಿ. ಹೂಗ್ಲಿನ್ಸ್‌ನದು ಕಡು, ಹಳೇ ಕಾಲದ ಸ್ಲೇಟಿನ ಬಣ್ಣಕ್ಕೆ ಹತ್ತಿರ. ಇದನ್ನು ಕೊನೆಗೆ ಇಟ್ಟಿದ್ದೇಕೆ ಅಂದರೆ ಬಿಸಿಲು ಬೂದು ಬಣ್ಣದ ಜೊತೆ ಆಟ ಆಡುತ್ತದೆ. ಹನ್ನೊಂದು ಗಂಟೆಯ ಹಿರಿಯೂರು ಬಿಸಿಲಿನಲ್ಲಿ ಎಲ್ಲವೂ ತಿಳಿಯೇ.

ಈಗ ಹೂಗ್ಲಿನ್ಸ್ ಮತ್ತು ಸ್ಟೆಪ್ ಗಲ್. ಎರಡನ್ನೂ ಈಗ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಜಾತಿಗಳಾಗಿ ಪಟ್ಟಿ ಮಾಡುವುದೇ ಹೆಚ್ಚು. ಮೊದಲ ವರ್ಷದ ಹೂಗ್ಲಿನ್ಸ್‌ನ ಬಿಚ್ಚಿದ ರೆಕ್ಕೆ ಒಟ್ಟಾರೆ ಕಡು, ಒಳಬದಿಯ ಹೊರಗರಿಗಳೂ ಕಡುವೇ. ಸ್ಟೆಪ್‌ನಲ್ಲಿ ಆ ಜಾಗದಲ್ಲಿ ಸ್ವಲ್ಪ ತಿಳಿ ಕಿಟಕಿ ಕಾಣಬಹುದು, ತಲೆ ಎದೆಯೂ ಹೆಚ್ಚು ಬಿಳಿ. "ಸ್ವಲ್ಪ", "ಹೆಚ್ಚು" ಅನ್ನುವ ಪದಗಳೇ ಹೇಳುತ್ತವೆ, ಇದು ಎಷ್ಟು ಜಾರುವ ನೆಲ ಅಂತ. ಎರಡರ ನಡುವೆ ಕಾಣುವ ಹಕ್ಕಿಗಳು ಬೇಕಾದಷ್ಟು. ನನ್ನ ಅಭಿಪ್ರಾಯ ಕೇಳಿದರೆ, ಒಂಟಿ ಎಳೆ ಹಕ್ಕಿಯನ್ನು ಉಪಜಾತಿ ಮಟ್ಟಕ್ಕೆ ಎಳೆದು ತರುವುದು ಸುಮ್ನೆ ಹಟ.

ಸವೆತ ಅನ್ನುವ ಇನ್ನೊಂದು ಕಾಟ

ಫೆಬ್ರವರಿ, ಮಾರ್ಚ್ ಬಂತೆಂದರೆ ಎಳೆ ಗಲ್‌ನ ಹಳೇ ಗರಿಗಳು ಬಿಸಿಲಿಗೆ ಒಣಹಾಕಿ ಮರೆತ ಬಟ್ಟೆಯಂತಾಗುತ್ತವೆ. ಕಂದು ಮಾಸಿ ಹಾಲು ಹಾಕಿದ ಚಹಾದ ಬಣ್ಣ, ಆಮೇಲೆ ಬಿಳಿಚು. ಗರಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಅದಕ್ಕೆ ಗಟ್ಟಿತನವನ್ನೂ ಕೊಡುತ್ತದೆ. ಹಾಗಾಗಿ ಬಿಳಿ ಭಾಗಗಳು ಮೊದಲು ಸವೆಯುತ್ತವೆ. ಮಡಚಿದ ರೆಕ್ಕೆಯ ಮೇಲೆ, ಬಾಲದ ಬುಡದ ಹತ್ತಿರ ಟರ್ಷಿಯಲ್ ಅನ್ನುವ ಅಗಲ ಗರಿಗಳಿವೆ. ಅವುಗಳ ಬಿಳಿ ಅಂಚು ನವೆಂಬರಿನಲ್ಲಿ ನೀಟಾಗಿರುತ್ತದೆ, ಮಾರ್ಚಿಗೆ ಇಲಿ ಕಡಿದ ಕಾಗದದ ಹಾಗೆ. "ಅಂಚು ಬಿಳಿ ಇಲ್ಲ" ಅಂತ ಬರೆಯುವ ಮುಂಚೆ ತಿಂಗಳು ಯಾವುದು ಅಂತ ನೋಡಿಕೊಳ್ಳಿ.

ಕೆರೆಯ ದಂಡೆಯಲ್ಲಿ

ಬೆಳಗ್ಗೆ ಏಳರಿಂದ ಒಂಬತ್ತು, ಸೂರ್ಯ ಬೆನ್ನಿಗಿರಲಿ. ದಾವಣಗೆರೆಯಿಂದ ಹೊರಡುವವರು ಬೆಣ್ಣೆ ದೋಸೆಯನ್ನು ವಾಪಸ್ ಬಂದ ಮೇಲೆ ತಿನ್ನಿ. ನಾನು ತಿಂದು ಹೋದ ದಿನಗಳಲ್ಲೆಲ್ಲ ಬೆಳಕು ಕೈ ಕೊಟ್ಟಿದೆ.

ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಒಂದು ಮೆಟ್ಟಿಲು ಇಳಿಸಿ. ಇಲ್ಲದಿದ್ದರೆ ಬಿಳಿ ಗರಿಯ ವಿವರ ಸುಟ್ಟುಹೋಗುತ್ತದೆ. ಶಟರ್ 1/2000ರ ಆಸುಪಾಸು. ಹಕ್ಕಿ ಗರಿ ತೀಡಲು ಶುರು ಮಾಡಿದರೆ ಬೆರಳು ಬಟನ್ ಮೇಲೇ ಇರಲಿ. ಕೂತ ಹಕ್ಕಿಯ ಚೆಂದದ ನೂರು ಫೋಟೊಗಿಂತ ಹಾರುವಾಗಿನ ಒಂದು ಮಸುಕು ಫೋಟೊ ಹೆಚ್ಚು ಬೆಲೆಯದು. ಮೇಲಿನಿಂದ ರೆಕ್ಕೆ, ಕೆಳಗಿನಿಂದ ರೆಕ್ಕೆ, ಬಿಚ್ಚಿದ ಬಾಲ: ಈ ಮೂರು ಸಿಕ್ಕರೆ ಮನೆಗೆ ಹೋಗಬಹುದು.

ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಕೂತ ಎಳೆ ಗಲ್‌ನ ವಿಷಯದಲ್ಲಿ ಅದಕ್ಕೂ ನನ್ನಷ್ಟೇ ಗೊಂದಲ.

ವರ್ಷಕ್ಕೊಂದು ಸಲ ಆಗುಂಬೆ ಘಾಟಿ ಇಳಿದು ಮಲ್ಪೆ ಬಂದರಿಗೆ ಹೋಗಿಬನ್ನಿ. ದೋಣಿಗಳು ಮೀನು ಇಳಿಸುವ ಹೊತ್ತಿಗೆ ಗಲ್‌ಗಳು ಮುತ್ತಿಕೊಳ್ಳುತ್ತವೆ. ಅಲ್ಲಿ ಅಪರೂಪದ್ದನ್ನು ಹುಡುಕಬೇಡಿ. ಒಂದೇ ಜಾತಿ ಆರಿಸಿಕೊಳ್ಳಿ, ಬ್ರೌನ್-ಹೆಡೆಡ್ ಸಾಕು. ಎಳೆಯದು ಎಷ್ಟು, ಬೆಳೆದದ್ದು ಎಷ್ಟು ಅಂತ ಎಣಿಸುತ್ತಾ ಕೂರಿ. ಎರಡು ಗಂಟೆಯಲ್ಲಿ ಕಣ್ಣು ಪಳಗುತ್ತದೆ. ಅಲ್ಲಿಂದ ಕೋಡಿ ಬೇಂಗ್ರೆಯ ಅಳಿವೆ ದೂರವಿಲ್ಲ, ಮರಳ ಮೇಲೆ ಆರಾಮಾಗಿ ನಿಂತ ಹಕ್ಕಿಗಳನ್ನು ನೋಡಲು ಅದು ಬಂದರಿಗಿಂತ ವಾಸಿ.

ಬರೆದುಕೊಳ್ಳುವುದು

ಹೆಸರು ಬರೆಯುವ ಮುಂಚೆ ಕಂಡದ್ದನ್ನು ಬರೆಯಿರಿ. ಗಾತ್ರ ಯಾವುದರ ಪಕ್ಕ ಎಷ್ಟು, ಬಾಲದ ಪಟ್ಟಿ ಹೇಗೆ, ರೆಕ್ಕೆಯ ಮುಂದಿನ ಅಂಚು ಯಾವ ಬಣ್ಣ, ಬೆಳಕು ಎಲ್ಲಿಂದ. ಹೆಸರು ಮೊದಲು ಬರೆದರೆ ಕಣ್ಣು ಅದಕ್ಕೆ ತಕ್ಕದ್ದನ್ನೇ ಹುಡುಕುತ್ತದೆ. ಹಕ್ಕಿ ನೋಡಿದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣಕ್ಕೆ ಹಾಕುವವರಿಗೆ ಅಲ್ಲಿ ಜಾತಿ ಹೇಳದೆ ಬರೀ ಗಲ್ ಅಂತ ದಾಖಲಿಸುವ ಆಯ್ಕೆಯೂ ಇದೆ. ನಾಚಿಕೆ ಬೇಡ, ಬಳಸಿ.

ಮಾರಿಕಣಿವೆಯ ಹಿನ್ನೀರಿನಲ್ಲಿ ಕಂಡ ಒಂದು ಹಕ್ಕಿ ನನ್ನ ಪುಸ್ತಕದಲ್ಲಿ ಇನ್ನೂ ಹೀಗಿದೆ: "ಹದ್ದಿಗಿಂತ ಚೂರು ಸಣ್ಣದು. ಬೆನ್ನು ಅರ್ಧ ಬೂದು, ಅರ್ಧ ಕಂದು. ಕೊಕ್ಕಿನ ಬುಡ ತಿಳಿ. ಕಣ್ಣಿನ ಸುತ್ತ ಕಪ್ಪಿಲ್ಲ. ಬಾಲ ಕಾಣಲಿಲ್ಲ, ಎದ್ದಿದ್ದು ನನ್ನ ಕಡೆ ಮುಖ ಮಾಡಿ. ದೊಡ್ಡ ಗಲ್, ಬಹುಶಃ ಎರಡನೇ ವರ್ಷ." ಅದರ ಮುಂದೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.